ಹದಿನೆಂಟು ರಾತ್ರಿಗಳ ದಾರಿ

ತುಮಕೂರು ನಗರದ ಮುಖ್ಯ ರಸ್ತೆಯ ಹೆಸರು ಬಿ.ಎಚ್. ರಸ್ತೆ. ಅಂಗಡಿಗಳ ಫಲಕಗಳ ಮೇಲೆ, ಮದುವೆಯ ಕರೆಯೋಲೆಗಳ ಮೇಲೆ, ಆಸ್ಪತ್ರೆಯ ಚೀಟಿಗಳ ಮೇಲೆ ಈ ಎರಡು ಅಕ್ಷರಗಳನ್ನು ನಾವು ದಿನವೂ ನೋಡುತ್ತೇವೆ. ಶಿವಮೊಗ್ಗ, ಭದ್ರಾವತಿಗಳಲ್ಲಿಯೂ ಇದೇ ಹೆಸರಿನ ರಸ್ತೆಯುಂಟು. ಅದು ಬೇರೆ ರಸ್ತೆಯಲ್ಲ, ಇದೇ ರಸ್ತೆ. ಬಿ ಎಂದರೆ ಬೆಂಗಳೂರು, ಎಚ್ ಎಂದರೆ ಹೊನ್ನಾವರ. ಬಯಲುಸೀಮೆಯ ನಡುವಿನಲ್ಲಿರುವ, ಕಡಲನ್ನು ಕಾಣದ ನಮ್ಮ ಊರಿನ ಪೇಟೆಬೀದಿಗೆ ಅರಬ್ಬೀ ಸಮುದ್ರದ ಒಂದು ಬಂದರಿನ ಹೆಸರು ಅಂಟಿಕೊಂಡಿದೆ. ಬೇಸಿಗೆಯ ರಜೆಯಲ್ಲಿ ಮಕ್ಕಳನ್ನು ಕಾರಿನಲ್ಲಿ ಕುಳ್ಳಿರಿಸಿಕೊಂಡು ಕಡಲತೀರಕ್ಕೆ ಹೊರಡುವ ನಮ್ಮ ಕುಟುಂಬಗಳು ಎಲ್ಲಿ ಊಟ, ಎಲ್ಲಿ ರಾತ್ರಿ ಎಂದು ಲೆಕ್ಕ ಹಾಕುವಾಗ, ಇದೇ ಲೆಕ್ಕವನ್ನು ಶತಮಾನಗಳಿಂದ ಹಾಕಿಕೊಂಡು ಬಂದ ದಾರಿಯ ಮೇಲೆಯೇ ತಾವು ಹೊರಟಿರುವುದನ್ನು ಗಮನಿಸುವುದು ಅಪರೂಪ.

ನಮ್ಮ ಜಿಲ್ಲೆಯಿಂದ ಕಡಲಿಗೆ ಇಳಿಯುವ ದಾರಿಗಳು ಮುಖ್ಯವಾಗಿ ಎರಡು. ಒಂದು ತುಮಕೂರು, ಗುಬ್ಬಿ, ತಿಪಟೂರು, ಅರಸೀಕೆರೆ, ಕಡೂರು, ಶಿವಮೊಗ್ಗ, ಸಾಗರಗಳ ಮೂಲಕ ಹೊನ್ನಾವರಕ್ಕೆ. ಇನ್ನೊಂದು ಕುಣಿಗಲ್, ಯಡಿಯೂರು, ಚನ್ನರಾಯಪಟ್ಟಣ, ಹಾಸನ, ಸಕಲೇಶಪುರಗಳ ಮೂಲಕ ಶಿರಾಡಿ ಘಟ್ಟವಿಳಿದು ಮಂಗಳೂರಿಗೆ. ಮೊದಲನೆಯದು ಬಹುಕಾಲ ರಾಷ್ಟ್ರೀಯ ಹೆದ್ದಾರಿ 206, ಎರಡನೆಯದು 48 ಎನಿಸಿಕೊಂಡಿದ್ದವು. 2010ರಲ್ಲಿ ಹೆದ್ದಾರಿಗಳ ಸಂಖ್ಯೆ ಬದಲಾದಾಗ ಕುಣಿಗಲ್ಲಿನ ರಸ್ತೆ 75 ಆಯಿತು. ಗುಬ್ಬಿಯ ರಸ್ತೆ ಬಾಣಾವರದವರೆಗೆ 73ರ ಭಾಗವಾಗಿ, ಅಲ್ಲಿಂದ ಮುಂದಕ್ಕೆ 69 ಆಯಿತು. ಈ 73 ಬಾಣಾವರದಿಂದ ತಿರುಗಿ ಚಾರ್ಮಾಡಿ ಘಟ್ಟವಿಳಿದು ಮಂಗಳೂರಿಗೆ ಹೋಗುತ್ತದೆ. ಸರಕಾರದ ಕಡತದಲ್ಲಿ ಗುಬ್ಬಿಯ ರಸ್ತೆ ಈಗ ಹೊನ್ನಾವರವನ್ನು ಬಿಟ್ಟು ಮಂಗಳೂರನ್ನು ಸೇರಿದೆ. ಜನರ ಬಾಯಲ್ಲಿ ಮಾತ್ರ ಅದು ಇನ್ನೂ ಬಿ.ಎಚ್. ರಸ್ತೆಯೇ.

ತುಮಕೂರಿನಿಂದ ಹೊನ್ನಾವರಕ್ಕೆ ಹಳೆಯ 206ರ ಉದ್ದ 363 ಕಿಲೋಮೀಟರ್. ಇಂದು ಒಂದು ಹಗಲಿನ ಪಯಣ. ಹೇರಿನ ಎತ್ತುಗಳನ್ನು ಹೊಡೆದುಕೊಂಡು ಹೋಗುವವನಿಗೆ ದಿನಕ್ಕೆ ಹನ್ನೆರಡು, ಹದಿಮೂರು ಮೈಲಿಯೇ ಹೆಚ್ಚು. ತುಮಕೂರಿಗೂ ಗುಬ್ಬಿಗೂ ನಡುವಿನ ಅಂತರ ಸರಿಯಾಗಿ ಅಷ್ಟೇ, ಸುಮಾರು 20 ಕಿಲೋಮೀಟರ್. ಬೆಳಗಿನ ಜಾವ ತುಮಕೂರು ಬಿಟ್ಟ ಎತ್ತು ಸಂಜೆಗೆ ಗುಬ್ಬಿಯಲ್ಲಿ ಮಲಗುತ್ತಿತ್ತು. ಹೀಗೆ ಲೆಕ್ಕ ಹಾಕಿದರೆ ಹೊನ್ನಾವರ ತುಮಕೂರಿನಿಂದ ಹದಿನೆಂಟು ರಾತ್ರಿಗಳ ದೂರ. ಕುಣಿಗಲ್ಲಿನಿಂದ ಮಂಗಳೂರು ಹದಿನಾಲ್ಕು ರಾತ್ರಿಗಳ ದೂರ. ನಾವು ದಾರಿಯನ್ನು ಕಿಲೋಮೀಟರುಗಳಲ್ಲಿ ಅಳೆಯುತ್ತೇವೆ. ನಮ್ಮ ಹಿರಿಯರಿಗೆ ಅದು ಒಂದರ ಹಿಂದೊಂದು ಪೋಣಿಸಿದ ರಾತ್ರಿಗಳ ಸರ. ಅದರಲ್ಲಿ ಒಂದು ರಾತ್ರಿ ತಪ್ಪಿದರೂ ಮುಂದಿನ ಹೆಜ್ಜೆ ಕಷ್ಟವಾಗುತ್ತಿತ್ತು.

ಆ ರಾತ್ರಿಯನ್ನು ಎಲ್ಲೆಂದರಲ್ಲಿ ಕಳೆಯುವಂತಿರಲಿಲ್ಲ. ಎತ್ತಿಗೆ ನೀರು ಬೇಕು, ಮೇವು ಬೇಕು. ಮನುಷ್ಯನಿಗೆ ನೆರಳು, ಒಲೆಗೆ ಸೌದೆ, ಕಳ್ಳರ ಭಯವಿಲ್ಲದಷ್ಟು ಜನವಸತಿ ಬೇಕು. ಹೀಗಾಗಿ ಮೈಸೂರು ಸೀಮೆಯ ದಾರಿಗಳಲ್ಲಿ ಕೆರೆಯ ಏರಿಯ ಪಕ್ಕದಲ್ಲಿಯೋ ಊರಿನ ಅಂಚಿನಲ್ಲಿಯೋ ಗುಂಡುತೋಪುಗಳು ಬೆಳೆದವು. ಹೊಂಗೆ, ಮಾವು, ಹಿಪ್ಪೆ, ನೇರಳೆಯ ಮರಗಳ ಈ ತೋಪು ಯಾವ ಒಬ್ಬನ ಆಸ್ತಿಯೂ ಅಲ್ಲ. ಹಣ್ಣು ಊರಿನದು, ನೆರಳು ದಾರಿಹೋಕನದು. ತಲೆಹೊರೆ ಹೊತ್ತು ನಡೆಯುವವರಿಗಾಗಿ ದಾರಿಯ ಬದಿಯಲ್ಲಿ ಎರಡು ಕಂಬಗಳ ಮೇಲೆ ಅಡ್ಡಗಲ್ಲು ಹೊದಿಸಿ ನಿಲ್ಲಿಸುತ್ತಿದ್ದರು. ಒಬ್ಬರ ನೆರವಿಲ್ಲದೆ ಹೊರೆಯನ್ನು ಅದರ ಮೇಲಿಳಿಸಿ, ದಣಿವಾರಿಸಿಕೊಂಡು, ಮತ್ತೆ ತಲೆಗೇರಿಸಿಕೊಳ್ಳಬಹುದಿತ್ತು. ಬೇಸಿಗೆಯಲ್ಲಿ ಅರವಟ್ಟಿಗೆ, ದೊಡ್ಡ ಊರುಗಳಲ್ಲಿ ಛತ್ರ. ಇವುಗಳನ್ನು ಕಟ್ಟಿಸಿದವರಲ್ಲಿ ಅರಸರಿದ್ದರು, ವರ್ತಕರಿದ್ದರು, ಮಕ್ಕಳಿಲ್ಲದ ವಿಧವೆಯರೂ ಇದ್ದರು. ಛತ್ರಗಳನ್ನು ಹೊಗಳುವಾಗ ಒಂದು ಮಾತನ್ನು ಮುಚ್ಚಿಡಬಾರದು. ಅವುಗಳ ಬಾಗಿಲು ಎಲ್ಲರಿಗೂ ಒಂದೇ ಬಗೆಯಲ್ಲಿ ತೆರೆದಿರಲಿಲ್ಲ. ಜಾತಿಯನ್ನು ಕೇಳಿಯೇ ಪಂಕ್ತಿಯಲ್ಲಿ ಕೂರಿಸುತ್ತಿದ್ದ ಛತ್ರಗಳೇ ಹೆಚ್ಚು. ಅಸ್ಪೃಶ್ಯರೆನಿಸಿದವರಿಗೆ ತೋಪಿನ ಮರವೇ ಛಾವಣಿ. ಆ ದೃಷ್ಟಿಯಿಂದ ನೋಡಿದರೆ ಕಲ್ಲಿನ ಛತ್ರಕ್ಕಿಂತ ಗುಂಡುತೋಪೇ ದೊಡ್ಡ ಧರ್ಮಶಾಲೆ ಎಂದು ನನ್ನ ಅಭಿಪ್ರಾಯ.

ತಂಗುವ ಊರು ಎಂಬ ಕಾರಣದಿಂದಲೇ ದೊಡ್ಡದಾದ ಊರಿಗೆ ಗುಬ್ಬಿಗಿಂತ ಒಳ್ಳೆಯ ಉದಾಹರಣೆ ನಮ್ಮ ಸುತ್ತಿನಲ್ಲಿಲ್ಲ. ಮಲೆನಾಡಿನ ನಗರ ಸೀಮೆಯಲ್ಲಿ ಬೆಳೆದ ಅಡಿಕೆ ಘಟ್ಟದ ಮೇಲಿನ ದಾರಿ ಹಿಡಿದು ಪೂರ್ವಕ್ಕೆ ಹೋಗುತ್ತಿತ್ತು. ಕೊಳ್ಳುವವರು ಆರ್ಕಾಟಿನ ಕಡೆಯ ವಾಲಾಜಾಪೇಟೆಯ ವರ್ತಕರು. ಮಾರುವವರು ಅಷ್ಟು ದೂರ ಹೋಗಲಾರರು, ಕೊಳ್ಳುವವರು ಮಲೆನಾಡಿನ ಮಳೆಗೂ ಜ್ವರಕ್ಕೂ ಅಂಜುವರು. ಇಬ್ಬರಿಗೂ ನಡುವಿನಲ್ಲಿ ಸಿಕ್ಕಿದ ತಾವು ಗುಬ್ಬಿ. ಒಂದು ರಾತ್ರಿ ಮಲಗಲು ಇಳಿಸಿದ ಹೇರು ಅಲ್ಲಿಯೇ ಕೈ ಬದಲಾಯಿಸತೊಡಗಿತು, ವಾರದ ಸಂತೆ ನೆರೆಯಿತು, ಮಂಡಿಗಳು ಎದ್ದವು. ಟಿಪ್ಪು ಸುಲ್ತಾನನ ಪತನದ ಮರುವರ್ಷ, 1800ರಲ್ಲಿ, ಗವರ್ನರ್ ಜನರಲ್ ವೆಲ್ಲೆಸ್ಲಿಯ ಆಜ್ಞೆಯಂತೆ ಮೈಸೂರು ಸೀಮೆಯನ್ನು ಸುತ್ತಿದ ವೈದ್ಯ ಫ್ರಾನ್ಸಿಸ್ ಬುಕಾನನ್ ಗುಬ್ಬಿಗೆ ಬಂದು ಇಲ್ಲಿನ ಸಂತೆಯ ವ್ಯಾಪಾರವನ್ನು ವಿವರವಾಗಿ ಬರೆದುಕೊಂಡನು.

ಬುಕಾನನ್ನನ ಗ್ರಂಥ 1807ರಲ್ಲಿ ಲಂಡನ್ನಿನಲ್ಲಿ ಮೂರು ಸಂಪುಟಗಳಾಗಿ ಅಚ್ಚಾಯಿತು. ಬೆಳೆ, ಕಂದಾಯ, ಜಾತಿ, ಕಸಬುಗಳ ವಿವರಕ್ಕಾಗಿ ವಿದ್ವಾಂಸರು ಅದನ್ನು ಓದುತ್ತಾರೆ. ಪ್ರಯಾಣಿಕನ ಕಣ್ಣಿನಿಂದ ಓದಿದರೆ ಅದು ತಂಗುದಾಣಗಳ ದಿನಚರಿ. ಇಂದು ಇಷ್ಟು ಕೋಸು ನಡೆದು ಇಂಥ ಊರಿಗೆ ಬಂದೆ ಎಂದೇ ದಿನದ ಬರಹ ತೆರೆದುಕೊಳ್ಳುತ್ತದೆ. ಅಳತೆ ಬಹಳಮಟ್ಟಿಗೆ ಟಿಪ್ಪುವಿನ ಕಾಲದ ‘ಸುಲ್ತಾನಿ ಕೋಸು’. ಅವನ ಯೋಜನೆಯಲ್ಲಿ ಗಮನಿಸಬೇಕಾದ ಒಂದು ಸಂಗತಿಯಿದೆ. ಏಪ್ರಿಲ್‌ನಲ್ಲಿ ಮದರಾಸು ಬಿಟ್ಟವನು ಮುಂಗಾರಿನ ತಿಂಗಳುಗಳನ್ನೆಲ್ಲ ಘಟ್ಟದ ಮೇಲಿನ ಬಯಲುಸೀಮೆಯಲ್ಲಿಯೇ ಕಳೆದನು. ಮಳೆ ಹಿಂದಾದ ಮೇಲೆ ಮಲಬಾರಿಗೆ ಇಳಿದು, 1801ರ ಮೊದಲ ತಿಂಗಳುಗಳಲ್ಲಿ ಮಂಗಳೂರು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರ, ಗೋಕರ್ಣಗಳ ದಾರಿಯಲ್ಲಿ ಕಡಲಂಚನ್ನು ಹಿಡಿದು ಉತ್ತರಕ್ಕೆ ನಡೆದನು. ಕರಾವಳಿಯ ಪಯಣಕ್ಕೆ ಮೊದಲು ಆರಿಸಬೇಕಾದದ್ದು ಊರನ್ನಲ್ಲ, ಋತುವನ್ನು. ಉಪ್ಪು, ಮೆಣಸು, ಅಡಿಕೆಯ ಹೇರುಗಳನ್ನು ಹೊಡೆಯುತ್ತಿದ್ದ ಲಂಬಾಣಿಗರಿಗೆ ಇದನ್ನು ಹೇಳಿಕೊಡಬೇಕಾಗಿರಲಿಲ್ಲ. ಆಷಾಢದಲ್ಲಿ ಅವರು ಘಟ್ಟವಿಳಿಯುತ್ತಿರಲಿಲ್ಲ.

ಈ ದಾರಿಯ ಇನ್ನೊಂದು ತುದಿಯನ್ನು ಹತ್ತಿ ಬಂದವನೊಬ್ಬನ ಬರಹ ಇನ್ನೂ ಹಳೆಯದು. ರೋಮ್ ನಗರದ ಶ್ರೀಮಂತ ಮನೆತನದ ಪಿಯೆತ್ರೊ ದೆಲ್ಲಾ ವಾಲ್ಲೆ 1614ರಲ್ಲಿ ವೆನಿಸ್ಸಿನಿಂದ ಪುಣ್ಯಭೂಮಿಯ ಯಾತ್ರಿಕನಾಗಿ ಹೊರಟವನು. ತನ್ನನ್ನು ಕೊನೆಯವರೆಗೂ ‘ಯಾತ್ರಿಕ’ ಎಂದೇ ಕರೆದುಕೊಂಡನು. ಜೆರುಸಲೇಮ್, ಪರ್ಷಿಯಾಗಳನ್ನು ಕಂಡು, 1623ರಲ್ಲಿ ಗೋವೆಯಿಂದ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟ ಪೋರ್ಚುಗೀಸ್ ರಾಯಭಾರಿಯೊಡನೆ ಹೊನ್ನಾವರಕ್ಕೆ ಬಂದನು. ಅಲ್ಲಿಂದ ಶರಾವತಿಯಲ್ಲಿ ದೋಣಿಯ ಮೂಲಕ ಗೇರುಸೊಪ್ಪೆಗೆ. ಆ ನದಿಯ ಚೆಲುವನ್ನು ಮನಸಾರೆ ಮೆಚ್ಚಿ ಬರೆದಿದ್ದಾನೆ. ಒಂದು ಕಾಲಕ್ಕೆ ಮೆಣಸಿನ ವ್ಯಾಪಾರದಿಂದ ಮೆರೆದ ಗೇರುಸೊಪ್ಪೆ ಆಗಲೇ ಪಾಳುಬಿದ್ದಿತ್ತು. ಮುಂದೆ ಕಡಿದಾದ ಘಟ್ಟ, ಕಾಡು. ಅರಸನ ರಾಯಭಾರಿಯ ಪರಿವಾರವೆಂದರೆ ಹೊರೆ ಹೊರುವವರು ಸಿಗಬೇಕು, ಪಲ್ಲಕ್ಕಿ ಬರಬೇಕು, ಮುಂದಿನ ಊರಿಗೆ ಸುದ್ದಿ ಮುಟ್ಟಬೇಕು. ಹಾಗಾಗಿ ದಾರಿಯಲ್ಲಿ ಕಾಯುವುದೇ ಹೆಚ್ಚು.

ಹಾಗೆ ಘಟ್ಟದ ಮೇಲೆ ಒಂದು ದೇಗುಲದ ಜಗಲಿಯಲ್ಲಿ ಕಾಯುತ್ತ ಕುಳಿತಿದ್ದಾಗ ಅವನ ಕಣ್ಣಿಗೆ ನಾಲ್ವರು ಹುಡುಗರು ಬಿದ್ದರು. ನೆಲದ ಮೇಲೆ ನುಣುಪಾದ ಮರಳನ್ನು ಹರಡಿಕೊಂಡು, ರಾಗವಾಗಿ ಹೇಳಿಕೊಳ್ಳುತ್ತ, ಹೇಳಿದ್ದನ್ನು ಬೆರಳಿನಿಂದ ಮರಳಲ್ಲಿ ಬರೆಯುತ್ತ ಲೆಕ್ಕ ಕಲಿಯುತ್ತಿದ್ದರು. ತುಂಬಿದ ಮೇಲೆ ಅಳಿಸಿ ಮತ್ತೆ ಮರಳು ಹರಡುವರು. ಗುರುವಿಲ್ಲವಲ್ಲ, ಮರೆತರೆ ತಿದ್ದುವವರು ಯಾರು ಎಂದು ಇವನು ವಿಚಾರಿಸಿದನು. ನಾಲ್ವರಿಗೂ ಒಟ್ಟಿಗೆ ಮರೆವು ಬರುವುದು ಸಾಧ್ಯವಿಲ್ಲ ಎಂಬುದು ಅವರ ಉತ್ತರದ ತಾತ್ಪರ್ಯ. ಕನ್ನಡ ನಾಡಿನ ಮಕ್ಕಳ ಕಲಿಕೆಯನ್ನು ಕುರಿತು ನಮಗೆ ದೊರೆತಿರುವ ಅತ್ಯಂತ ಸೊಗಸಾದ ಹಳೆಯ ವರ್ಣನೆಗಳಲ್ಲಿ ಇದೂ ಒಂದು. ಇಕ್ಕೇರಿಯ ಆಸ್ಥಾನದ ವೈಭವವನ್ನೂ ಅವನು ಬರೆದಿದ್ದಾನೆ. ಅದನ್ನು ಬೇರೆಯವರೂ ಬರೆಯಬಹುದಿತ್ತು. ಈ ನಾಲ್ವರು ಹುಡುಗರು ನಮಗೆ ಉಳಿದದ್ದು ಆ ದಿನ ಪಯಣ ತಡವಾದದ್ದರಿಂದ.

ಕುಣಿಗಲ್ಲಿನ ದಾರಿಗೆ ಬೇರೆಯೇ ಒಂದು ಗುಣ. ಜನಪದರು ಹಾಡಿ ಹೊಗಳಿದ ಕುಣಿಗಲ್ ಕೆರೆ ಊರಿಗೆ ಹೇಗೋ ಹಾಗೆ ದಾರಿಗೂ ಆಸರೆ. ಇಷ್ಟು ನೀರು ಇರುವಲ್ಲಿ ಎಷ್ಟು ದೊಡ್ಡ ತಂಡವೂ ಬೀಡು ಬಿಡಬಹುದು, ದಂಡೂ ಬಿಡಬಹುದು. ಟಿಪ್ಪು ಸುಲ್ತಾನನ ಅಶ್ವದಳಕ್ಕಾಗಿ ಇಲ್ಲಿ ಕುದುರೆಗಳ ತಳಿ ಬೆಳೆಸಲಾಯಿತು. ಕುಣಿಗಲ್ಲಿನ ಕುದುರೆ ಫಾರಂಗೆ ಅಂದಿನಿಂದ ಹೆಸರು. ಕುದುರೆಗೂ ಕಡಲಿಗೂ ನಂಟು ಹಳೆಯದು. ವಿಜಯನಗರದ ಕಾಲದಲ್ಲಿ ಅರಬ್ ದೇಶಗಳ ಕುದುರೆಗಳು ಭಟ್ಕಳದಂಥ ಬಂದರುಗಳಲ್ಲಿ ಇಳಿದು ಘಟ್ಟ ಹತ್ತುತ್ತಿದ್ದವು. ಹಡಗಿನಲ್ಲಿ ಸೊರಗಿದ ಪ್ರಾಣಿಯನ್ನು ಘಟ್ಟ ಹತ್ತಿಸಬೇಕಾದರೆ ಎತ್ತಿಗಿಂತಲೂ ಜಾಗರೂಕತೆಯಿಂದ ತಂಗುದಾಣಗಳನ್ನು ಆರಿಸಬೇಕು. ಸಕಲೇಶಪುರದ ಬಳಿ 1792ರಲ್ಲಿ ಟಿಪ್ಪು ಕಟ್ಟಿಸಿದ ನಕ್ಷತ್ರಾಕಾರದ ಮಂಜರಾಬಾದ್ ಕೋಟೆ ಮಂಗಳೂರಿನ ಈ ದಾರಿಯನ್ನು ಕಾಯಲೆಂದೇ ನಿಂತದ್ದು.

ತಂಗುವ ಜಾಗವನ್ನು ನಡೆಯುವವನೇ ಆರಿಸಲಾಗದ ಪಯಣವೂ ಈ ಪಶ್ಚಿಮ ಘಟ್ಟಗಳನ್ನು ಹತ್ತಿದೆ. 1784ರಲ್ಲಿ ಕೆನರಾ ಕರಾವಳಿಯ ಕ್ರೈಸ್ತ ಕುಟುಂಬಗಳನ್ನು ಟಿಪ್ಪುವಿನ ಆಜ್ಞೆಯಂತೆ ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಎಷ್ಟು ಮಂದಿ ಹೊರಟರು, ಎಷ್ಟು ಮಂದಿ ದಾರಿಯಲ್ಲಿ ಉಳಿದರು ಎಂಬ ಅಂಕಿಗಳಲ್ಲಿ ಇತಿಹಾಸಕಾರರಿಗೆ ಒಮ್ಮತವಿಲ್ಲ. ಅನೇಕರು ದಾರಿಯಲ್ಲಿಯೇ ಸತ್ತರೆಂಬುದರಲ್ಲಿ ಸಂದೇಹವಿಲ್ಲ. ಮುದುಕರು, ಬಾಣಂತಿಯರು, ಕೂಸುಗಳು ಎಲ್ಲಿ ನಿಲ್ಲಬೇಕು, ಯಾವಾಗ ಏಳಬೇಕು ಎಂಬುದು ಕಾವಲುಗಾರರ ಮಾತು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರಲ್ಲಿ ಬಹುಮಂದಿ ಮತ್ತೆ ಘಟ್ಟವಿಳಿದು ಊರಿಗೆ ಹಿಂದಿರುಗಿದರು. ಆ ಇಳಿಯುವ ಪಯಣದಲ್ಲಿ, ಹದಿನೈದು ವರ್ಷಗಳ ನಂತರ, ಯಾವ ಮರದ ಕೆಳಗೆ ಮಲಗಬೇಕೆಂಬುದನ್ನು ಅವರೇ ತೀರ್ಮಾನಿಸಿದರು. ಮಂಗಳೂರಿನ ಕಡೆಯ ಮೂಲವಿರುವ ಮನೆಗಳು ನಮ್ಮ ಧರ್ಮಕೇಂದ್ರಗಳಲ್ಲಿಯೂ ಉಂಟು. ಅಜ್ಜಿಯರ ಬಾಯಲ್ಲಿ ಏನಾದರೂ ಉಳಿದಿದ್ದರೆ ಬರೆದಿಡಬೇಕು.

ಬಂಡಿ ಹೋಗುವ ರಸ್ತೆಗಳು ಬಂದದ್ದು ಕಮಿಷನರ್ ಮಾರ್ಕ್ ಕಬ್ಬನ್ ಆಡಳಿತದ ಕಾಲದಲ್ಲಿ, 1834ರಿಂದ 1861ರವರೆಗೆ. ಸುಮಾರು 1,600 ಮೈಲಿ ರಸ್ತೆ, 300ಕ್ಕೂ ಹೆಚ್ಚು ಸೇತುವೆಗಳು ಆ ಅವಧಿಯ ಲೆಕ್ಕದಲ್ಲಿವೆ. ರಸ್ತೆಯ ಜೊತೆಗೆ ಮುಸಾಫಿರ್‌ಖಾನೆಗಳೂ ಬಂಗಲೆಗಳೂ ಬಂದವು. ಛತ್ರದಲ್ಲಿ ದೇಶೀಯ ಯಾತ್ರಿಕ, ಬಂಗಲೆಯಲ್ಲಿ ದೊರೆ. ಬೇರ್ಪಡಿಸುವ ಗೋಡೆ ಹೊಸ ರೂಪ ತಾಳಿತು. ಇಂದಿಗೂ ಅನೇಕ ಊರುಗಳಲ್ಲಿ ಟಿ.ಬಿ. ಸರ್ಕಲ್, ಐ.ಬಿ. ಎಂಬ ಮಾತುಗಳು ಉಳಿದಿರುವುದು ಆ ಬಂಗಲೆಗಳಿಂದ. ಜೋಗ ಜಲಪಾತದ ಎರಡು ದಡಗಳಲ್ಲಿಯಂತೂ ಎರಡು ಬಂಗಲೆಗಳಿದ್ದವು. ಒಂದು ದಡ ಮೈಸೂರು ಸಂಸ್ಥಾನದ್ದು, ಎದುರಿನದು ಬೊಂಬಾಯಿ ಪ್ರಾಂತದ್ದು. ನೀರು ಒಂದೇ, ನೋಡುವ ಕಿಟಕಿಗಳು ಎರಡು ಸರಕಾರಗಳವು.

ಇದೇ ಕಾಲದಲ್ಲಿ ಗುಬ್ಬಿಗೆ ಬೇರೊಂದು ಬಗೆಯ ಪ್ರಯಾಣಿಕರು ಬಂದರು. ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ 1837ರಲ್ಲಿ ಇಲ್ಲಿ ನೆಲೆನಿಂತರು. ಎರಡು ವರ್ಷಗಳ ನಂತರ ಬಂದ ಯುವಕ ವಿಲಿಯಂ ಆರ್ಥರ್ ಕಣ್ಣಿನ ತೊಂದರೆಯಿಂದ ಬೇಗನೆ ಹಿಂದಿರುಗಬೇಕಾಯಿತಾದರೂ, 1847ರಲ್ಲಿ ಮೈಸೂರು ಸೀಮೆಯ ತಮ್ಮ ಅನುಭವವನ್ನು ಗ್ರಂಥವಾಗಿ ಬರೆದರು. ಪ್ರೊಟೆಸ್ಟಂಟ್ ಸಹೋದರರು ಬೆಂಗಳೂರನ್ನು ಬಿಟ್ಟು ಈ ಸಣ್ಣ ಪಟ್ಟಣವನ್ನು ಆರಿಸಿಕೊಂಡದ್ದರಲ್ಲಿ ನನಗೆ ಆಶ್ಚರ್ಯವಿಲ್ಲ. ನಾಲ್ಕು ದಿಕ್ಕಿನ ಜನ ಬಂದು ಒಂದು ರಾತ್ರಿ ಉಳಿಯುವ ಊರಿನಲ್ಲಿ ಆಡಿದ ಮಾತು ನಾಲ್ಕು ದಿಕ್ಕಿಗೂ ಹೋಗುತ್ತದೆ.

ತಂಗುವ ಊರಿಗೆ ಮೊದಲ ಪೆಟ್ಟು ಕೊಟ್ಟದ್ದು ರೈಲು. 1884ರಲ್ಲಿ ಬೆಂಗಳೂರಿನಿಂದ ತುಮಕೂರಿಗೆ, 1889ರಲ್ಲಿ ಗುಬ್ಬಿ, ಅರಸೀಕೆರೆಗಳನ್ನು ದಾಟಿ ಹರಿಹರಕ್ಕೆ, 1899ರಲ್ಲಿ ಬೀರೂರಿನಿಂದ ಶಿವಮೊಗ್ಗಕ್ಕೆ ರೈಲು ಓಡಿತು. ಹತ್ತು ರಾತ್ರಿಗಳು ಒಂದು ಹಗಲಾದವು. ವಿಚಿತ್ರವೆಂದರೆ, ತುಮಕೂರಿಗೆ ರೈಲು ಬಂದ ಅದೇ 1884ರಲ್ಲಿ ಗುಬ್ಬಿಯಲ್ಲಿ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿ ಹುಟ್ಟಿತು. ಮುಂದೆ ಗುಬ್ಬಿ ವೀರಣ್ಣನವರ (1891–1972) ಕೈಯಲ್ಲಿ ಅದು ನಾಡೆಲ್ಲ ಹೆಸರಾಯಿತು. ಊರೂರಿನಲ್ಲಿ ‘ಕ್ಯಾಂಪ್’ ಹೂಡಿ, ಪರದೆ ಕಟ್ಟಿ, ವಾರಗಟ್ಟಲೆ ತಂಗುವುದೇ ಆ ಕಂಪನಿಯ ಬಾಳು. ಜನ ತಂಗಲು ಬರುತ್ತಿದ್ದ ಊರು, ತಾನೇ ಹೊರಟು ಬೇರೆ ಊರುಗಳಲ್ಲಿ ತಂಗಲು ಕಲಿಯಿತು ಎನ್ನಬಹುದು.

ಬಸ್ಸು, ಲಾರಿ, ಕಾರುಗಳು ಉಳಿದ ಕೆಲಸ ಮುಗಿಸಿದವು. ಬೆಂಗಳೂರಿನಿಂದ ಮಂಗಳೂರಿಗೆ ಹೋಗುವ ರಾತ್ರಿ ಬಸ್ಸಿನಲ್ಲಿ ಕುಣಿಗಲ್ ಎಂದರೆ ಕಿಟಕಿಯ ಹೊರಗೆ ಹಾದುಹೋಗುವ ಕೆಲವು ದೀಪಗಳು. ಆದರೂ ಹಳೆಯ ಪದ್ಧತಿ ಪೂರ್ತಿ ಸತ್ತಿಲ್ಲ. ಕುಣಿಗಲ್ ತಾಲ್ಲೂಕಿನ ಯಡಿಯೂರು ಸಿದ್ಧಲಿಂಗೇಶ್ವರ ಕ್ಷೇತ್ರದಲ್ಲಿ ಹಸಿದು ಬಂದವನಿಗೆ ದಾಸೋಹವುಂಟು. ತುಮಕೂರಿನ ಸಿದ್ಧಗಂಗೆಯಲ್ಲಿ, 2019ರ ಜನವರಿ 21ರಂದು 111ನೆಯ ವಯಸ್ಸಿನಲ್ಲಿ ಲಿಂಗೈಕ್ಯರಾದ ಶಿವಕುಮಾರ ಸ್ವಾಮಿಗಳ ಕಾಲದಿಂದ ಜಾತಿ ಮತ ಕೇಳದೆ ಸಾವಿರಾರು ಮಕ್ಕಳಿಗೆ ಅನ್ನ, ವಸತಿ, ವಿದ್ಯೆ ದೊರೆಯುತ್ತಿದೆ. ಛತ್ರಗಳ ಕಾಲದ ಪಂಕ್ತಿಭೇದವನ್ನು ಮೇಲೆ ಹೇಳಿದೆನಲ್ಲ, ಅದಕ್ಕೆ ಉತ್ತರ ಈ ನಾಡಿನೊಳಗಿನಿಂದಲೇ ಬಂದದ್ದಕ್ಕೆ ಇದೊಂದು ಸಾಕ್ಷಿ.

ಇನ್ನು ನಮ್ಮ ಮನೆಗಳ ಪ್ರವಾಸದ ಯೋಜನೆ. ರಾತ್ರಿ ಹತ್ತಕ್ಕೆ ಹೊರಟರೆ ಬೆಳಗಿನ ಜಾವಕ್ಕೆ ಸಮುದ್ರ, ಒಂದು ದಿನದ ಬಾಡಿಗೆ ಉಳಿಯಿತು ಎಂದು ಸಂತೋಷಪಡುವವರು ಬಹಳ. ಕತ್ತಲಲ್ಲಿ, ನಿದ್ದೆಗಣ್ಣಿನಲ್ಲಿ ಘಟ್ಟವಿಳಿಯುವುದನ್ನು ಹೇರಿನ ಎತ್ತಿನವನು ಹುಚ್ಚು ಎನ್ನುತ್ತಿದ್ದನು. ಅವನ ಕ್ರಮ ಸರಳ: ಘಟ್ಟದ ಬುಡದಲ್ಲಿಯೋ ನೆತ್ತಿಯಲ್ಲಿಯೋ ರಾತ್ರಿ, ಘಟ್ಟವನ್ನು ದಾಟುವುದು ಹಗಲಿನಲ್ಲಿ. ಹೊನ್ನಾವರಕ್ಕಾದರೆ ಸಾಗರದಲ್ಲಿ, ಮಂಗಳೂರಿಗಾದರೆ ಹಾಸನದಲ್ಲಿಯೋ ಸಕಲೇಶಪುರದಲ್ಲಿಯೋ ಒಂದು ರಾತ್ರಿ ನಿಂತವನಿಗೆ ಇಕ್ಕೇರಿಯ ದೇಗುಲವೋ ಮಂಜರಾಬಾದ್ ಕೋಟೆಯೋ ಬೆಳಗಿನ ಬಿಸಿಲಿನಲ್ಲಿ ಕಾಣಸಿಗುತ್ತದೆ. ಮಳೆಗಾಲದಲ್ಲಂತೂ ಹೋಗಲೇಬೇಕಾದ ಕೆಲಸವಿಲ್ಲದಿದ್ದರೆ ಹೋಗದಿರುವುದೇ ಯೋಜನೆ. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿ, 2024ರ ಜುಲೈಯಲ್ಲಿ ಶಿರಾಡಿಯ ದಾರಿ ಕುಸಿತದಿಂದ ಮುಚ್ಚಿಹೋದುದನ್ನು ಪತ್ರಿಕೆಗಳಲ್ಲಿ ಓದಿದ್ದೇವೆ.

ಅದೇ 2024ರ ಜುಲೈ 16ರ ಬೆಳಿಗ್ಗೆ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಕರಾವಳಿ ಹೆದ್ದಾರಿಯ ಮೇಲೆ ಗುಡ್ಡ ಜರಿಯಿತು. ರಸ್ತೆಗಾಗಿ ಕಡಿದ ಗುಡ್ಡದ ಕೆಳಗೆ ಒಂದು ಚಹಾದ ಅಂಗಡಿಯಿತ್ತು. ಲಾರಿಯವರು ನಿಲ್ಲುವ ತಾವು. ಅಂಗಡಿ ನಡೆಸುತ್ತಿದ್ದ ಕುಟುಂಬವೂ ನಿಂತಿದ್ದ ಚಾಲಕರೂ ಮಣ್ಣಿನೊಡನೆ ಗಂಗಾವಳಿ ನದಿಗೆ ಸೇರಿದರು. ಒಂದು ಲಾರಿಯನ್ನು ನದಿಯ ತಳದಿಂದ ಮೇಲೆತ್ತಲು ಎರಡು ತಿಂಗಳಿಗೂ ಹೆಚ್ಚು ಕಾಲ ಹಿಡಿಯಿತು. ನಿಲ್ಲುವ ಜಾಗವನ್ನು ಹಿಂದೆ ನೀರು, ನೆರಳು, ನೆಲದ ಗಟ್ಟಿತನ ನೋಡಿ ಆರಿಸುತ್ತಿದ್ದರು. ಈಗ ರಸ್ತೆ ಎಲ್ಲಿ ಅಗಲವಾಗಿದೆಯೋ ಅಲ್ಲಿ ನಿಲ್ಲುತ್ತಾರೆ, ಬೇರೆ ದಾರಿಯಿಲ್ಲ. ಕುಟುಂಬದೊಡನೆ ಹೋಗುವ ನಮಗೆ ಮುಂಚಿತವಾಗಿ ಗೊತ್ತುಮಾಡಿದ ಕೋಣೆಯಿರುತ್ತದೆ. ನಮ್ಮ ಅಕ್ಕಿ ಬೇಳೆ ಹೊತ್ತು ತರುವವನಿಗೆ ಇರುವುದಿಲ್ಲ.

ಗುಂಡುತೋಪುಗಳ ಕಥೆಯೂ ಅಷ್ಟೇ. ಊರಿಗೊಂದು ಶಾಲೆ ಬೇಕಾದಾಗ, ಕಚೇರಿ ಬೇಕಾದಾಗ, ಮೊದಲು ಕಣ್ಣಿಗೆ ಬಿದ್ದದ್ದು ಯಾರಿಗೂ ಸೇರದ ಆ ನೆಲ. ಉಳಿದದ್ದನ್ನು ಒತ್ತುವರಿ ನುಂಗಿತು. ದಾಖಲೆಯಲ್ಲಿ ತೋಪು, ನೆಲದ ಮೇಲೆ ಕಟ್ಟಡ. ಎಲ್ಲೋ ಒಂದೆರಡು ಹೊಂಗೆಯ ಮರಗಳು ರಸ್ತೆಯಂಚಿನಲ್ಲಿ ಉಳಿದಿರುತ್ತವೆ. ಗುಬ್ಬಿಯ ಕಡೆಯಿಂದ ರಾತ್ರಿ ಬರುವಾಗ ನೋಡಿ: ಅಂಥ ಮರದ ಕೆಳಗೆ ತೆಂಗಿನಕಾಯಿ ತುಂಬಿದ ಲಾರಿಯೊಂದು ನಿಂತಿರುತ್ತದೆ, ಚಾಲಕ ಚಕ್ರದ ಮರೆಯಲ್ಲಿ ಗಾಳಿಗೆ ಆರದಂತೆ ಸ್ಟವ್ ಹಚ್ಚಿಕೊಂಡು ಅನ್ನಕ್ಕೆ ಎಸರಿಟ್ಟಿರುತ್ತಾನೆ.